ಜಪಾನಿನ ರಾಜಕೀಯ, ಕಾನೂನು ಮತ್ತು ಆಡಳಿತದ ಪದಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು?

ತುಂಗಭದ್ರಾ (ಪ್ರಶ್ನೆ)

ಸದಸ್ಯರಿಗೆಲ್ಲ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಜಪಾನಿ ಭಾಷೆಯಿಂದ ಅನುವಾದ ಮಾಡುವ ಉದ್ಯೋಗದಲ್ಲಿದ್ದೇನೆ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಎನ್2 ಹಂತ ಮುಗಿದಿರುವುದರಿಂದ ಯಂತ್ರಗಳ ಕೈಪಿಡಿಗಳನ್ನೂ ದಿನನಿತ್ಯದ ಪತ್ರವ್ಯವಹಾರವನ್ನೂ ತೊಡಕಿಲ್ಲದೆ ಓದಬಲ್ಲೆ. ಈಗ ಒಪ್ಪಂದ ಪತ್ರಗಳೂ ಅಲ್ಲಿನ ಸಚಿವಾಲಯಗಳ ಪ್ರಕಟಣೆಗಳೂ ಕೈಗೆ ಬರತೊಡಗಿವೆ. ಅವುಗಳ ಹಿನ್ನೆಲೆ ತಿಳಿಯಬೇಕಾದರೆ ಅಲ್ಲಿನ ಸಂಸತ್ತಿನ ಸುದ್ದಿಯನ್ನೂ ಓದಬೇಕಾಗುತ್ತದೆ.

ಸಿದ್ಧ ಪದಪಟ್ಟಿಗಳಲ್ಲಿ ಹೋರಿತ್ಸು, ಹೋರೇ, ಸೇರೇ, ಜೋರೇ ಎಂಬ ಪದಗಳಿಗೆಲ್ಲ ‘ಕಾನೂನು’ ಅಥವಾ ‘ನಿಯಮ’ ಎಂದಷ್ಟೇ ಅರ್ಥ ಕೊಟ್ಟಿರುತ್ತಾರೆ. ಪ್ರಧಾನಿಯನ್ನು ಪತ್ರಿಕೆಯಲ್ಲಿ ಶುಶೋ ಎಂದು ಬರೆದರೆ ಸರ್ಕಾರಿ ಕಾಗದದಲ್ಲಿ ನೈಕಕು ಸೋರಿ ದೈಜಿನ್ ಎಂದಿರುತ್ತದೆ. ಪಟ್ಟಿಯನ್ನು ಕಂಠಪಾಠ ಮಾಡಿದರೂ ವಾಕ್ಯದ ಮುಂದೆ ಕುಳಿತಾಗ ಯಾವುದು ಯಾವುದಕ್ಕೆ ಸಲ್ಲುತ್ತದೆ ಎಂಬುದು ಹೊಳೆಯುವುದಿಲ್ಲ. ಪತ್ರಿಕೆಯಿಂದ ಆರಂಭಿಸಬೇಕೋ, ಕಾನೂನಿನ ಮೂಲಪಠ್ಯದಿಂದಲೋ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ನಗೋಯಾವಾಸಿ

ತುಂಗಭದ್ರಾ ಅವರೇ, ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ಪದಗಳನ್ನು ಅಕಾರಾದಿ ಪಟ್ಟಿಯಿಂದ ಕಲಿಯಲು ಆಗುವುದಿಲ್ಲ. ಒಂದು ಮಸೂದೆ ಹುಟ್ಟಿ ಜಾರಿಗೆ ಬರುವವರೆಗಿನ ದಾರಿಯನ್ನು ಮೊದಲು ತಿಳಿದುಕೊಂಡು, ಆ ದಾರಿಯ ಒಂದೊಂದು ಘಟ್ಟಕ್ಕೂ ಅದರ ಪದವನ್ನು ಕೂಡಿಸುತ್ತ ಹೋಗಿ. ಸಚಿವ ಸಂಪುಟ, ಅಂದರೆ ನೈಕಕು, ತನ್ನ ಸಭೆಯಲ್ಲಿ ಕೈಗೊಳ್ಳುವ ತೀರ್ಮಾನವೇ ಕಕುಗಿ ಕೆತ್ತೇ. ಅನಂತರ ಮಸೂದೆಯು ಹೋಆನ್ ಎಂಬ ಹೆಸರಿನಲ್ಲಿ ಸಂಸತ್ತಾದ ಕೊಕ್ಕೈಗೆ ಹೋಗುತ್ತದೆ. ಅಲ್ಲಿ ಇಇನ್‌ಕೈ ಎಂಬ ಸಮಿತಿಯ ಪರಿಶೀಲನೆ ಮುಗಿದ ಮೇಲೆ ಹೊನ್‌ಕೈಗಿ ಎಂಬ ಪೂರ್ಣ ಸಭೆಯ ಮುಂದೆ ಬರುತ್ತದೆ. ಅಂಗೀಕಾರವಾದರೆ ಕಕೆತ್ಸು, ತಿರಸ್ಕಾರವಾದರೆ ಹಿಕೆತ್ಸು. ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಕಾನೂನಾಗುವುದು ಸೇರಿತ್ಸು, ಅದನ್ನು ವಿಧ್ಯುಕ್ತವಾಗಿ ಪ್ರಕಟಿಸುವುದು ಕೋಫು, ಜಾರಿಗೆ ತರುವುದು ಶಿಕೋ. ಈ ಕೊನೆಯ ಪದವನ್ನು ಕಾನೂನು ವಲಯದವರು ಸೆಕೋ ಎಂದೂ ಓದುತ್ತಾರೆ. ಕಾರ್ಯಗತಗೊಳಿಸುವಿಕೆ ಎಂಬ ಅರ್ಥದ ಶಿಕ್ಕೋ ಎಂಬ ಇನ್ನೊಂದು ಪದದೊಡನೆ ಕಿವಿಗೆ ಗೊಂದಲವಾಗಬಾರದೆಂಬುದು ಅದರ ಉದ್ದೇಶ.

ಸದನಗಳ ವಿಷಯದಲ್ಲಿ ನಮ್ಮ ಸಂಸತ್ತಿನ ಪರಿಚಯ ಒಂದು ಮಟ್ಟದವರೆಗೆ ನೆರವಿಗೆ ಬರುತ್ತದೆ. ಕೆಳಮನೆಯಾದ ಶೂಗಿಇನ್‌ನಲ್ಲಿ 465 ಸದಸ್ಯರಿದ್ದು ಅವರ ಅವಧಿ 4 ವರ್ಷ. ಪ್ರಧಾನಿ ಅದನ್ನು ವಿಸರ್ಜಿಸಬಹುದು, ಆ ವಿಸರ್ಜನೆಗೆ ಕೈಸನ್ ಎನ್ನುತ್ತಾರೆ. ಮೇಲ್ಮನೆಯಾದ ಸಂಗಿಇನ್‌ನಲ್ಲಿ 248 ಸದಸ್ಯರಿದ್ದಾರೆ. ನಮ್ಮ ರಾಜ್ಯಸಭೆಯಂತೆಯೇ ಅವರದೂ 6 ವರ್ಷದ ಅವಧಿ, ಆ ಸದನಕ್ಕೂ ವಿಸರ್ಜನೆಯಿಲ್ಲ. ಆದರೆ ಅಲ್ಲಿ 3 ವರ್ಷಕ್ಕೊಮ್ಮೆ ಅರ್ಧದಷ್ಟು ಸ್ಥಾನಗಳಿಗೆ ಜನರೇ ನೇರವಾಗಿ ಮತ ಹಾಕುತ್ತಾರೆ. ಆದ್ದರಿಂದ ಚುನಾವಣೆಗೂ ಎರಡು ಹೆಸರುಗಳಿವೆ: ಶೂಗಿಇನ್‌ನದು ಸೋಸೆಂಕ್ಯೊ, ಸಂಗಿಇನ್‌ನದು ತ್ಸೂಜೋ ಸೆಂಕ್ಯೊ. ಎರಡು ಸದನಗಳ ನಡುವೆ ಭಿನ್ನಾಭಿಪ್ರಾಯ ಬಂದಾಗ ನಮ್ಮಲ್ಲಿರುವ ಜಂಟಿ ಅಧಿವೇಶನವನ್ನು ಅಲ್ಲಿ ಹುಡುಕಬಾರದು. ಪ್ರತಿ ಸದನದಿಂದ 10 ಜನರಂತೆ ಸೇರುವ ರ್ಯೋಇನ್ ಕ್ಯೋಗಿಕೈ ಎಂಬ ಸಮಿತಿಯಿದೆ. ಅದಲ್ಲದೆ, ಮೇಲ್ಮನೆ ತಿರಸ್ಕರಿಸಿದ ಮಸೂದೆಯನ್ನು ಕೆಳಮನೆಯು ಹಾಜರಿರುವ ಸದಸ್ಯರ ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಬಹುದು. ಅದಕ್ಕೆ ಸೈಕಕೆತ್ಸು ಎಂದು ಹೆಸರು. ಈ ವ್ಯವಸ್ಥೆಯನ್ನು ಅರಿಯದೆ ಪದವನ್ನಷ್ಟೇ ಕಲಿತವರಿಗೆ ಸುದ್ದಿಯ ಮಹತ್ವ ಕೈತಪ್ಪಿಹೋಗುತ್ತದೆ.

ಪತ್ರಿಕೆಗಳ ಸಂಕ್ಷೇಪಗಳಿಗೆ ಒಂದು ಸೂತ್ರವಿದೆ. ಸಚಿವಾಲಯದ ಹೆಸರಿನ ಮೊದಲ ಅಕ್ಷರಕ್ಕೆ ‘ಶೋ’ ಎಂಬ ಸಚಿವಸೂಚಕ ಅಕ್ಷರವನ್ನು ಸೇರಿಸುತ್ತಾರೆ: ವಿದೇಶಾಂಗ ಸಚಿವರು ಗೈಶೋ, ನ್ಯಾಯ ಸಚಿವರು ಹೋಶೋ. ಗೈಮುಶೋ, ಹೋಮುಶೋ ಎಂಬ ಸಚಿವಾಲಯಗಳ ಹೆಸರಿನ ಕೊನೆಯಲ್ಲಿಯೂ ‘ಶೋ’ ಕೇಳಿಸುತ್ತದೆ, ಆದರೆ ಅದು ಬೇರೆಯೇ ಕಾಂಜಿ, ಅಂದರೆ ಚೀನಿ ಮೂಲದ ಬೇರೊಂದು ಅಕ್ಷರ.

ಕಾನೂನು ಓದುಗ

ಹಿಂದಿನ ಉತ್ತರವನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಪ್ರಶ್ನೆಯಲ್ಲಿದ್ದ ನಾಲ್ಕು ಪದಗಳ ಬಗ್ಗೆ ಹೇಳುವುದಾದರೆ, ಅವುಗಳನ್ನು ಬೇರ್ಪಡಿಸುವುದು ‘ಯಾರು ಮಾಡಿದ್ದು’ ಎಂಬ ಒಂದೇ ಪ್ರಶ್ನೆ. ಎಲ್ಲಕ್ಕಿಂತ ಮೇಲೆ ಕೆಂಪೋ, ಅಂದರೆ ಸಂವಿಧಾನ. ಕೊಕ್ಕೈ ಮಾಡುವುದು ಹೋರಿತ್ಸು, ಸಂಪುಟ ಹೊರಡಿಸುವುದು ಸೇರೇ, ಒಂದು ಸಚಿವಾಲಯ ಹೊರಡಿಸುವುದು ಶೋರೇ. ಹೋರಿತ್ಸುವನ್ನೂ ಅದರಡಿಯ ಆದೇಶಗಳನ್ನೂ ಒಟ್ಟಾಗಿ ಹೇಳಬೇಕಾದಾಗ ಹೋರೇ ಎನ್ನುತ್ತಾರೆ. ಜೋರೇ ಎಂಬುದು ಸ್ಥಳೀಯ ಸಂಸ್ಥೆಗಳ ಸಭೆಗಳು ಮಾಡುವ ಶಾಸನ. ಅದರ ‘ರೇ’ ಮಿಕ್ಕವುಗಳ ‘ರೇ’ ಅಲ್ಲ. ಕನ್ನಡಕ್ಕೆ ತರುವಾಗ ಹೋರಿತ್ಸುವಿಗೆ ‘ಅಧಿನಿಯಮ’ವನ್ನೂ ಸೇರೇ, ಶೋರೇಗಳಿಗೆ ‘ನಿಯಮಗಳು’ ಎಂಬುದನ್ನೂ ಬಳಸಿದರೆ ನಮ್ಮ ಓದುಗರಿಗೆ ಅವುಗಳ ಸ್ಥಾನ ತಿಳಿಯುತ್ತದೆ. ನಮ್ಮಲ್ಲಿ ಸಂವಿಧಾನಕ್ಕೆ ಅನುಚ್ಛೇದ, ಅಧಿನಿಯಮಕ್ಕೆ ಪ್ರಕರಣ ಎಂಬ ಭೇದವಿದೆ. ಜಪಾನಿನಲ್ಲಿ ಎರಡಕ್ಕೂ ಜೋ ಎಂದೇ ಹೆಸರು, ಅದರ ಕೆಳಗೆ ಕೋ, ಅದರ ಕೆಳಗೆ ಗೋ.

ಆದರೆ ಅನುವಾದಕರು ಎಡವುವುದು ಹೆಚ್ಚಾಗಿ ಸಣ್ಣ ಪದಗಳಲ್ಲಿ. ‘ಅಥವಾ’ ಎಂಬ ಅರ್ಥಕ್ಕೆ ಕಾನೂನಿನ ಭಾಷೆಯಲ್ಲಿ ಮತವ, ಮೊಶಿಕುವ ಎಂಬ ಎರಡು ಪದಗಳಿವೆ. ಆಯ್ಕೆ ಒಂದೇ ಹಂತದ್ದಾದರೆ ಮತವ. ಎರಡು ಹಂತಗಳಿದ್ದರೆ ಹೊರಗಿನ ದೊಡ್ಡ ವಿಂಗಡಣೆಗೆ ಮತವ, ಒಳಗಿನ ಚಿಕ್ಕದಕ್ಕೆ ಮೊಶಿಕುವ. ದಂಡಸಂಹಿತೆಯಲ್ಲಿ ಮಾನಹಾನಿಗೆ ಸಂಬಂಧಿಸಿದ 230ನೇ ಜೋ ಇದಕ್ಕೆ ಒಳ್ಳೆಯ ಉದಾಹರಣೆಯಾಗಿತ್ತು: 3 ವರ್ಷದವರೆಗಿನ ಚೋಎಕಿ ಮೊಶಿಕುವ ಕಿಂಕೊ, ಮತವ 5 ಲಕ್ಷ ಯೆನ್‌ವರೆಗಿನ ದಂಡ. ಅಂದರೆ ಎರಡು ಬಗೆಯ ಸೆರೆವಾಸ ಒಂದು ಗುಂಪು, ದಂಡ ಇನ್ನೊಂದು. 2022ರಲ್ಲಿ ಆದ ತಿದ್ದುಪಡಿಯು 2025ರ ಜೂನ್ 1ರಂದು ಜಾರಿಗೆ ಬಂದು, ದುಡಿಮೆ ಕಡ್ಡಾಯವಾಗಿದ್ದ ಚೋಎಕಿ ಮತ್ತು ಕಡ್ಡಾಯವಲ್ಲದ ಕಿಂಕೊ ಎರಡೂ ಹೋಗಿ ಕೋಕಿಂಕೇ ಎಂಬ ಒಂದೇ ಶಿಕ್ಷೆಯಾಯಿತು. ಆ ಜೋವಿನಲ್ಲಿದ್ದ ಮೊಶಿಕುವ ಕೂಡ ಅದರೊಂದಿಗೇ ಹೊರಟುಹೋಯಿತು. ಹಳೆಯ ಪದಪಟ್ಟಿಗಳಲ್ಲಿ ಕೋಕಿಂಕೇ ಸಿಗುವುದಿಲ್ಲವಾದ್ದರಿಂದ, ಪಟ್ಟಿಯ ವರ್ಷವನ್ನು ನೋಡದೆ ಅದನ್ನು ನಂಬಬಾರದು. ‘ಮತ್ತು’ ಎಂಬುದಕ್ಕೂ ಹೀಗೆಯೇ ಒಯೊಬಿ, ನರಬಿನಿ ಎಂಬ ಜೋಡಿಯಿದೆ. ಅಲ್ಲಿ ಚಿಕ್ಕ ಹಂತಕ್ಕೆ ಸಲ್ಲುವುದು ಒಯೊಬಿ.

ಪತ್ರಿಕೆಯ ಪದವನ್ನು ನ್ಯಾಯಾಲಯದ ಕಾಗದಕ್ಕೆ ತರುವಾಗಲೂ ಎಚ್ಚರ ಬೇಕು. ಅಪರಾಧದ ಶಂಕಿತನನ್ನು ಪತ್ರಿಕೆ ಯೋಗಿಶ ಎಂದರೆ ಕಾನೂನು ಹಿಗಿಶ ಎನ್ನುತ್ತದೆ. ಕ್ರಿಮಿನಲ್ ಪ್ರಕರಣದ ಆರೋಪಿಯನ್ನು ಪತ್ರಿಕೆ ಹಿಕೊಕು ಎಂದು ಬರೆದರೂ ಕಾನೂನಿನಲ್ಲಿ ಆತ ಹಿಕೊಕುನಿನ್. ಅಲ್ಲಿ ಹಿಕೊಕು ಎಂದರೆ ಸಿವಿಲ್ ದಾವೆಯ ಪ್ರತಿವಾದಿ. ಜೆನ್ಇ, ಅಕುಇ ಎಂಬ ಪದಗಳಿಗೆ ನಿತ್ಯದ ಮಾತಿನಲ್ಲಿ ಸದುದ್ದೇಶ, ದುರುದ್ದೇಶ ಎಂದರ್ಥ. ಸಿವಿಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಒಂದು ಸಂಗತಿ ತಿಳಿದಿರದಿರುವುದು, ತಿಳಿದಿರುವುದು ಎಂದಷ್ಟೇ ಅರ್ಥ. ಇದನ್ನು ಅರಿಯದೆ ಅನುವಾದಿಸಿದರೆ ನಿರಪರಾಧಿಯೊಬ್ಬರ ಮೇಲೆ ದುರುದ್ದೇಶವನ್ನು ಹೊರಿಸಿದಂತಾಗುತ್ತದೆ.

ತುಂಗಭದ್ರಾ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಇನ್ನೊಂದು ಸಂದೇಹವಿದೆ. ಮೂಲಪಠ್ಯವನ್ನು ಓದುವುದಾದರೆ ಸಂವಿಧಾನದಿಂದಲೇ ಆರಂಭಿಸಬಹುದೇ? ಒಪ್ಪಂದ ಪತ್ರಗಳಿಗಾಗಿ ಬೇರೆ ಸಿದ್ಧತೆ ಬೇಕೇ?

ಕಾನೂನು ಓದುಗ

1946ರ ನವೆಂಬರ್ 3ರಂದು ಪ್ರಕಟವಾಗಿ 1947ರ ಮೇ 3ರಂದು ಜಾರಿಗೆ ಬಂದ ಆ ಸಂವಿಧಾನದಲ್ಲಿ 103 ಜೋಗಳಷ್ಟೇ ಇರುವುದರಿಂದ ಗಾತ್ರದಲ್ಲಿ ಅದು ಕಲಿಯುವವರಿಗೆ ಅನುಕೂಲಕರ. ಆದರೆ ಅದರ ಕಾನಾ, ಅಂದರೆ ಉಚ್ಚಾರಣೆಯನ್ನು ಸೂಚಿಸುವ ಅಕ್ಷರಗಳ ಬರವಣಿಗೆ ಹಳೆಯ ಪದ್ಧತಿಯದು. ಉಚ್ಚಾರಣೆಯೇ ಬೇರೆ, ಬರೆದಿರುವುದೇ ಬೇರೆ ಎಂಬಂತಹ ಕ್ರಿಯಾಪದಗಳು ಉದ್ದಕ್ಕೂ ಸಿಗುತ್ತವೆ. ಸಂಸತ್ತು, ಸಂಪುಟ, ನ್ಯಾಯಾಂಗಗಳ ಅಧ್ಯಾಯಗಳನ್ನು ಓದಿ, ಬರವಣಿಗೆಯ ಆ ರೂಪಗಳನ್ನು ಅನುಕರಿಸದಿರಿ.

ನಿಮ್ಮ ಕೆಲಸಕ್ಕೆ ನೇರವಾಗಿ ಒದಗುವುದು ಸಿವಿಲ್ ಸಂಹಿತೆಯಾದ ಮಿಂಪೋ. ಒಪ್ಪಂದದಲ್ಲಿ ಪಕ್ಷಗಾರರನ್ನು ಕೋ, ಒತ್ಸು ಎಂದು ಕರೆಯುವುದು ರೂಢಿ. ಒಪ್ಪಂದ ಆರಂಭದಿಂದಲೇ ಅಸಿಂಧುವಾಗಿದ್ದರೆ ಮುಕೋ, ಸಿಂಧುವಾಗಿದ್ದದ್ದನ್ನು ಕಾರಣ ತೋರಿಸಿ ರದ್ದುಪಡಿಸಿದರೆ ತೊರಿಕೆಶಿ, ಎದುರು ಪಕ್ಷದವರು ಕರಾರು ಮುರಿದಾಗ ಕೊನೆಗೊಳಿಸಿದರೆ ಕೈಜೊ, ಮುಂದಿನ ಅವಧಿಗಷ್ಟೇ ಅನ್ವಯಿಸುವಂತೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೈಯಕು. ಈ ನಾಲ್ಕನ್ನೂ ‘ರದ್ದು’ ಎಂದು ಬರೆದುಬಿಟ್ಟರೆ ನಿಮ್ಮ ಸಂಸ್ಥೆಗೆ ನಷ್ಟವಾಗಬಹುದು. ಸರಕಿನ ದೋಷದ ಹೊಣೆಗಾರಿಕೆಗೆ ಹಳೆಯ ಒಪ್ಪಂದಗಳಲ್ಲಿ ಕಶಿ ತಂಪೊ ಸೆಕಿನಿನ್ ಎಂದಿರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಅದರ ಸ್ಥಾನದಲ್ಲಿ ಕೇಯಕು ಫುತೆಕಿಗೋ ಸೆಕಿನಿನ್ ಬಂದಿದೆ.

ನ್ಯಾಯ ಸಚಿವಾಲಯವು ಹಲವು ಕಾನೂನುಗಳ ಇಂಗ್ಲಿಷ್ ಅನುವಾದವನ್ನು ಮೂಲದ ಪಕ್ಕದಲ್ಲಿಯೇ ತೋರಿಸುವ ಜಾಲತಾಣವನ್ನು ನಡೆಸುತ್ತಿದೆ. ಅನುವಾದಕ್ಕೆ ಅಧಿಕೃತ ಬಲವಿಲ್ಲದಿದ್ದರೂ ಕಲಿಯಲು ಬಹಳ ಉಪಯುಕ್ತ. ಜಾರಿಯಲ್ಲಿರುವ ಪಠ್ಯವನ್ನು ಮಾತ್ರ ಸರ್ಕಾರದ ಇ-ಗವ್ ಕಾನೂನು ಶೋಧದಲ್ಲಿ ಪರಿಶೀಲಿಸಿಕೊಳ್ಳಿ.

ನಗೋಯಾವಾಸಿ

ಒಂದು ಸೇರ್ಪಡೆ: ಓದುವುದರೊಂದಿಗೆ ಕೇಳುವ ಅಭ್ಯಾಸವೂ ಇರಲಿ. ಶಿರಿತ್ಸು ಎಂದರೆ ಖಾಸಗಿ ಸಂಸ್ಥೆಯೂ ಹೌದು, ನಗರಾಡಳಿತದ ಸಂಸ್ಥೆಯೂ ಹೌದು. ಆದ್ದರಿಂದ ಜಪಾನಿಯರೇ ಮಾತಿನಲ್ಲಿ ಮೊದಲಿನದನ್ನು ವತಕುಶಿರಿತ್ಸು, ಎರಡನೆಯದನ್ನು ಇಚಿರಿತ್ಸು ಎಂದು ಬಿಡಿಸಿ ಹೇಳುತ್ತಾರೆ. ಹೋಸೋ ಎಂದು ಕೇಳಿದಾಗ ಅದು ಪ್ರಸಾರವೋ, ನ್ಯಾಯಾಧೀಶರು, ಅಭಿಯೋಜಕರು ಮತ್ತು ವಕೀಲರ ಸಮುದಾಯವೋ ಎಂಬುದನ್ನು ಸಂದರ್ಭವೇ ತಿಳಿಸಬೇಕು. ಕೊಕ್ಕೈ ಕಲಾಪಗಳ ನೇರಪ್ರಸಾರ ಎರಡೂ ಸದನಗಳ ಜಾಲತಾಣಗಳಲ್ಲಿ ದೊರೆಯುತ್ತದೆ, ಅವುಗಳ ಲಿಖಿತ ನಡವಳಿಯೂ ಪ್ರಕಟವಾಗುತ್ತದೆ. ಒಂದು ಸಮಿತಿಯ ಪ್ರಶ್ನೋತ್ತರವನ್ನು ಮೊದಲು ಕೇಳಿ, ಅನಂತರ ಅದರ ನಡವಳಿಯೊಡನೆ ಹೋಲಿಸಿ ನೋಡಿ. ಯಾವ ಶಬ್ದಕ್ಕೆ ಯಾವ ಕಾಂಜಿ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ.