ಸಹಾಯ ಬೇಕು: ಬ್ರೈಟನ್‌ನ ಬೇಸ್‌ಮೆಂಟ್ ಫ್ಲ್ಯಾಟ್, ಗೋಡೆಯಲ್ಲಿ ತೇವ

ಬ್ರೈಟನ್, ಹೋವ್ ಕಡೆ ಇರುವವರು ದಯವಿಟ್ಟು ನೋಡಿ. ಬ್ರೈಟನ್‌ನ ಕೆಂಪ್‌ಟೌನ್‌ನಲ್ಲಿ ರೀಜೆನ್ಸಿ ಕಾಲದ (19ನೇ ಶತಮಾನದ ಆರಂಭದ) ಮನೆಯೊಂದರ ಬೇಸ್‌ಮೆಂಟ್ ಬಾಡಿಗೆಗೆ ಸಿಗ್ತಿದೆ. ಗೋಡೆ ಬಂಗರೂಷ್, ಅಂದರೆ ಚಕಮಕಿ ಕಲ್ಲು, ಒಡೆದ ಇಟ್ಟಿಗೆ, ಸುಣ್ಣದ ಗಾರೆ ಸೇರಿಸಿ ಕಟ್ಟಿದ್ದು. ಇದಕ್ಕೆ ಸುಣ್ಣದ ಪ್ಲಾಸ್ಟರ್ ಇದ್ದರೆ ಹೀರಿದ ನೀರು ಆರುತ್ತೆ. ಸಿಮೆಂಟ್ ಬಳಿದರೆ ಒಳಗೇ ಉಳಿಯುತ್ತೆ. ಇಲ್ಲಿ ಸ್ಕರ್ಟಿಂಗ್‌ನಿಂದ (ಗೋಡೆ ಬುಡದ ಪಟ್ಟಿ) ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿದೆ, ಉಗುರಲ್ಲಿ ಕೆರೆದರೆ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತೆ. ಏಜೆಂಟ್ ಮಾತ್ರ 'ಬರೀ ಕಂಡೆನ್ಸೇಶನ್, ಕಿಟಕಿ ತೆಗೆದಿಡಿ' ಅಂತಾರೆ, ಅಂದರೆ ಒಳಗಿನ ಗಾಳಿಯ ತೇವ ತಣ್ಣನೆ ಗೋಡೆ ಮೇಲೆ ನೀರಾಗ್ತಿದೆ ಅಂತ. ಕಂಡೆನ್ಸೇಶನ್ ಆಗಿದ್ದರೆ ಕಿಟಕಿ ಸುತ್ತ, ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಬೇಕಿತ್ತು. ಅದು ಎಲ್ಲೂ ಇಲ್ಲ.

ಹಳೇ ಸುಣ್ಣದ ಗೋಡೆ ಚೆನ್ನಾಗಿ ಬಲ್ಲ, ಕೆಮಿಕಲ್ ಇಂಜೆಕ್ಷನ್ (ತೇವ ತಡೆಯೋಕೆ ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬೋದು) ಮಾರೋ ಉದ್ದೇಶ ಇಲ್ಲದ ಸರ್ವೇಯರ್ (ಮನೆ ಪರೀಕ್ಷಿಸೋರು) ಯಾರಾದರೂ ಗೊತ್ತಾ? ಒಂದು ವಾರದ ಬಾಡಿಗೆಯಷ್ಟು ಹೋಲ್ಡಿಂಗ್ ಡಿಪಾಸಿಟ್ (ಮನೆ ನಮಗಾಗಿ ಹಿಡಿದಿಡೋಕೆ ಕೊಡೋ ಮುಂಗಡ) ಕಟ್ಟೋ ಮೊದಲೇ ತೋರಿಸಬೇಕು; ಕಟ್ಟಿದ ಮೇಲೆ ನಾವೇ ಹಿಂದೆ ಸರಿದರೆ ದುಡ್ಡು ವಾಪಸ್ ಬರದೇ ಹೋಗಬಹುದು.

ಇದು ಬೇಡವಾದರೆ ಬ್ರೈಟನ್‌ನದೇ ಹ್ಯಾನೋವರ್ ಬಡಾವಣೆ ನೋಡಬೇಕು. ಅಲ್ಲಿಂದ ಲೂಯಿಸ್ ರೋಡ್‌ಗೆ ಇಳಿದರೆ ಫಾಲ್ಮರ್‌ನ ಯೂನಿವರ್ಸಿಟಿಗೆ 25ನೇ ನಂಬರ್ ಬಸ್ ಇದೆ. ಆದರೆ ಹ್ಯಾನೋವರ್‌ನ ಸೌಥೋವರ್ ಸ್ಟ್ರೀಟ್ ಏರು ತುಂಬಾ ಕಡಿದು. ಮಗುವಿನ ತಳ್ಳುಗಾಡಿ ಜೊತೆ ದಿನಾ ಓಡಾಡೋರು ಇದ್ದರೆ, ಯಾವ ಬೀದಿ ವಾಸಿ ಹೇಳಿ.