ಗಂಡಭೇರುಂಡದಿಂದ ಮಾವಿನಕಾಯಿಗೆ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ ಕೂತಿದ್ದೆವು. ನಾಣಿ ಚೀಲದಿಂದ ಒಂದು ಹಲಗೆ ತೆಗೆದ.

"ಏನಯ್ಯಾ, ಪಾರಿವಾಳಾನಾ?" ಎಂದ ಶೇಷು.

"ಗಂಡಭೇರುಂಡ. ಉಬ್ಬು ಕೆತ್ತನೆ. ವೀಕೆಂಡ್ ವರ್ಕ್‌ಶಾಪಿಗೆ ಸೇರಿದೀನಿ. ಮನಸ್ಸಿಗೆ ಶಾಂತಿ ಸಿಗುತ್ತಂತೆ."

"ಅದಕ್ಕೆ ಎರಡು ತಲೆ ಇರಬೇಕಲ್ವಾ?"

"ಇತ್ತು. ಹೋದ ಭಾನುವಾರದವರೆಗೂ ಇತ್ತು."

ರಾಜಣ್ಣ ಕನ್ನಡಕ ಏರಿಸಿದ. "ಸರ್ಕಾರದ ಲಾಂಛನಾನೇ ಅರ್ಧ ಮಾಡಿದ್ಯಲ್ಲೋ! ಆಮೇಲೆ?"

"ಒಂದೇ ತಲೆ ಉಳೀತಲ್ಲ, ಗರುಡ ಮಾಡೋಣ ಅಂದ್ಕೊಂಡೆ. ಕೊಕ್ಕು ಎದ್ದು ಬಂತು. ಗಿಳಿ ಅಂದ್ಕೊಂಡೆ. ಬಾಲ ಹೋಯ್ತು."

"ಅಂದ್ರೆ ನಾನು ಹೇಳಿದ ಪಾರಿವಾಳವೇ ಸರಿ," ಎಂದ ಶೇಷು.

"ಪಾರಿವಾಳಕ್ಕೂ ಕತ್ತು ಬೇಕಪ್ಪಾ. ಇನ್ನೊಂದು ವಾರ ಬಿಟ್ಟರೆ ಮಾವಿನಕಾಯಿ ಆಗುತ್ತೆ. ಅದಾದ ಮೇಲೆ ಮಣೆ," ಎಂದ ರಾಜಣ್ಣ.

ನಾಣಿಗೆ ರೇಗಿತು. "ಮರದ ಕೆತ್ತನೆಗೆ ಮೈಸೂರು ಹೆಸರಾದ ಊರು. ಅರಮನೆ ಬಾಗಿಲು ನೋಡಿದೀಯಾ?"

"ನೋಡಿದೀನಿ. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಮದುವೇಲಿ ಸುಟ್ಟುಹೋಯ್ತು. ಈಗಿನದು 1912ರಲ್ಲಿ ಮುಗೀತು. ಅಷ್ಟು ಕೆತ್ತನೆ ಹಾಳಾಗೋಕೆ ಬೆಂಕಿ ಬೇಕಾಯ್ತು. ನಿನಗೆ ಒಂದು ಉಳಿ ಸಾಕಾಯ್ತು."

"ಒಂದಲ್ಲ, ಇಡೀ ಸೆಟ್ಟು. ಏಪ್ರನ್ನೂ ಕೊಟ್ರು."

"ಸಾಣೆ ಕಲ್ಲು?"

"ಅದು ಅಡ್ವಾನ್ಸ್ಡ್ ಕೋರ್ಸಲ್ಲಿ."

ರಾಜಣ್ಣ ಹಣೆ ಚಚ್ಚಿಕೊಂಡ. "ಮೊಂಡು ಉಳಿ ಮರ ಕುಯ್ಯಲ್ಲ, ಕೀಳುತ್ತೆ. ಕೊಕ್ಕಿನ ತುದೀಲಿ ಎಳೆ ಅಡ್ಡ ಬಂದಿದೆ ನೋಡು. ಅಲ್ಲಿ ನಾರು ಗಿಡ್ಡ. ಹಿಡಿತಾನೇ ಇರಲ್ಲ, ಮುಟ್ಟಿದರೆ ಉದುರುತ್ತೆ. ಮೊದಲು ಗೆರೆಯಿಂದ ಕೂದಲಷ್ಟು ಆಚೆ ಸುತ್ತಲೂ ಕಚ್ಚು ಹಾಕಬೇಕು. ಆಮೇಲೆ ಸುತ್ತಲಿನ ಮರ ತಗ್ಗಿಸಬೇಕು. ಕೊಕ್ಕಿಗೆ ಕೈ ಹಾಕೋದು ಕಟ್ಟಕಡೆಗೆ. ಹೊಸಬ ಆದವನು ಒಂದು ಎಲೆ ಕೆತ್ತಿ ಕಲೀಬೇಕು, ಎಲೆ!"

"ಎಲೆ ಹಾಕಿದರೆ ಯಾರು ಲೈಕ್ ಕೊಡ್ತಾರೆ?" ಎಂದ ನಾಣಿ, ತೀರಾ ಪ್ರಾಮಾಣಿಕವಾಗಿ.

ಅದಕ್ಕೆ ರಾಜಣ್ಣನ ಹತ್ತಿರವೂ ಉತ್ತರ ಇರಲಿಲ್ಲ. ಶೇಷು ಮಧ್ಯೆ ಬಾಯಿ ಹಾಕಿ ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆ ಕಥೆ ಶುರುಮಾಡಿದ. ಅದು ಹೇಗೋ ಅವನ ಮಾವ ಕೊಡದೆ ಉಳಿಸಿಕೊಂಡ ಪೆಟ್ಟಿಗೆಯ ಕಥೆಗೆ ಹೊರಳಿ ನಿಂತಿತು.

"ಮಂಡ್ಯದ ಹತ್ತಿರ ನಮ್ಮೂರ ಮನೇಲಿ ಒಂದು ಬಾಗಿಲುವಾಡ ಇತ್ತು," ಎಂದ ರಾಜಣ್ಣ. "ಉದ್ದಕ್ಕೂ ಬಳ್ಳಿ. ಊರ ಆಚಾರಿ ಕೆತ್ತಿದ್ದು. ಅವನ ಹತ್ತಿರ ಇದ್ದದ್ದು ಗೋಣಿ ತಟ್ಟಿನಲ್ಲಿ ಸುತ್ತಿದ ನಾಲ್ಕೈದು ಉಳಿ, ಒಂದು ಕೊಡತಿ, ಅಷ್ಟೆ. ಉಪ್ಪುಕಾಗದ ಹಾಕಿ ಉಜ್ಜಿರಲಿಲ್ಲ. ಬೆರಳಾಡಿಸಿದರೆ ಉಳಿ ಹೋದ ದಾರಿಯೆಲ್ಲ ಸಣ್ಣ ಸಣ್ಣ ಹಳ್ಳವಾಗಿ ಸಿಗುತ್ತಿತ್ತು. ಆರ್‌ಸಿಸಿ ಮನೆ ಕಟ್ಟುವಾಗ ಚಿಕ್ಕಪ್ಪ ಅದನ್ನ ಹಳೇ ಮರದವನಿಗೆ ಮಾರಿಬಿಟ್ಟರು. ಈಗ ಯಾವ ರೆಸಾರ್ಟಲ್ಲಿದೆಯೋ."

"ನಮ್ಮ ವರ್ಕ್‌ಶಾಪ್ ನಡೆಯೋದೂ ರೆಸಾರ್ಟಲ್ಲೇ! ಅಲ್ಲೂ ಒಂದು ಹಳೇ ಬಾಗಿಲುವಾಡ ನಿಲ್ಲಿಸಿದಾರೆ," ಎಂದ ನಾಣಿ.

ರಾಜಣ್ಣ ಸರ್ರನೆ ತಿರುಗಿದ. "ಬಳ್ಳಿ ಇದೆಯಾ? ಎಡಗಡೆ ಕೆಳಗೆ ಒಂದು ಎಲೆ ಮುರಿದಿದೆಯಾ?"

"ಗೊತ್ತಿಲ್ಲ ಮಾರಾಯ. ನಾವೆಲ್ಲ ಅದಕ್ಕೆ ಬೆನ್ನು ಮಾಡಿಯೇ ಸೆಲ್ಫಿ ತೊಗೊಳ್ಳೋದು."