ಸೈಟಿಗೆ ಬರುವ ಲೋಡ್‌ಗಳ ಲೆಕ್ಕ ಫೋನಿನಲ್ಲೇ ಇಡೋದು ಹೇಗೆ?

ತುಮಕೂರು_ಕಟ್ಟಡ:

ನಮಸ್ಕಾರ. ತುಮಕೂರಿನಲ್ಲಿ ಮನೆ ಕಟ್ಟಿಸಿಕೊಡುವ ಸಣ್ಣ ಕಾಂಟ್ರಾಕ್ಟರ್ ನಾನು. ಈಗ ನಾಲ್ಕು ಕಡೆ ಕೆಲಸ ನಡೆಯುತ್ತಿದೆ, ಎಲ್ಲ 30x40 ಇಲ್ಲವೇ 40x60. ಪ್ರತಿ ಸೈಟಿಗೂ ಸ್ಟೋರ್ ಕೀಪರ್ ಇಡುವಷ್ಟು ಲಾಭ ಇದರಲ್ಲಿ ಇಲ್ಲ. ಶೆಡ್ಡಿನಲ್ಲಿ ವಾಚ್‌ಮನ್ ಸಂಸಾರ, ಹಗಲು ಮೇಸ್ತ್ರಿ. ಅಷ್ಟೇ.

ಎಲ್ಲದಕ್ಕೂ ಒಂದು ವಾಟ್ಸಾಪ್ ಗ್ರೂಪ್ ಇದೆ. "ಸಿಮೆಂಟ್ ಬಂತು ಸಾರ್" ಅಂತ ಮೆಸೇಜ್ ಬರುತ್ತದೆ. ಎಷ್ಟು ಮೂಟೆ, ಯಾವ ಗಾಡಿ, ಚಲನ್ (ಮಾಲಿನ ಜೊತೆ ಬರುವ ಚೀಟಿ) ಯಾರ ಹತ್ತಿರ ಇದೆ, ಏನೂ ಇರಲ್ಲ. ಅದರ ಮೇಲೆ ನಾಲ್ಕು ಗುಡ್ ಮಾರ್ನಿಂಗ್ ಹೂವಿನ ಫೋಟೊ. ತಿಂಗಳ ಕೊನೆಗೆ ಬಿಲ್ ಬಂದಾಗ ನಾನು ಹಿಂದಕ್ಕೆ ಸ್ಕ್ರೋಲ್ ಮಾಡುತ್ತಾ ಕೂರಬೇಕು. ಹೋದ ತಿಂಗಳು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬಿಲ್‌ನಲ್ಲಿ ಎರಡು ಲೋಡ್ ಜಾಸ್ತಿ ಇದೆ ಅನ್ನಿಸಿತು. ಕೇಳಿದರೆ ಸಪ್ಲೈಯರ್ ಚಲನ್ ತೋರಿಸಿದರು. ಸಹಿ ಇದೆ! ಯಾರ ಸಹಿ ಅಂತ ಮೇಸ್ತ್ರಿಗೂ ಗೊತ್ತಿಲ್ಲ, ವಾಚ್‌ಮನ್‌ಗೂ ಗೊತ್ತಿಲ್ಲ. ದುಡ್ಡು ಕೊಡಲೇಬೇಕಾಯಿತು.

ಇನ್ನೊಂದು ತಲೆನೋವು ಗಾಡಿಗಳ ಟೈಮ್. ಒಂದು ಸೈಟಿನ ರಸ್ತೆ ತುಂಬಾ ಕಿರಿದು. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ದಿನ ಕಾಂಕ್ರೀಟ್ ಗಾಡಿ ನಿಂತಿರುವಾಗಲೇ ಸಾಲಿಡ್ ಬ್ಲಾಕ್ ಲಾರಿ ಬಂದು ಹಿಂದೆ ನಿಂತಿತು. ಖಾಲಿಯಾದ ಗಾಡಿ ಆಚೆ ಬರೋಹಾಗಿಲ್ಲ, ಮುಂದಿನ ಗಾಡಿ ಒಳಗೆ ಹೋಗೋಹಾಗಿಲ್ಲ. ಪಕ್ಕದ ಮನೆಯವರು ಬೈದಿದ್ದು ಬೇರೆ.

ತಿಂಗಳಿಗೆ ಇಷ್ಟು ಅಂತ ಕಟ್ಟುವ ಒಂದು ಆಪ್ ಡೆಮೊ ನೋಡಿದೆ. ಪೂರ್ತಿ ಇಂಗ್ಲಿಷ್, ಮೂವತ್ತು ಬಟನ್. ನಮ್ಮ ಮೇಸ್ತ್ರಿ ಅದನ್ನು ಮುಟ್ಟಲ್ಲ. ನೀವೆಲ್ಲ ಏನು ಬಳಸುತ್ತೀರಿ?

ಸ್ಟೋರ್_ವೈಟ್‌ಫೀಲ್ಡ್:

ನಾನು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ದೊಡ್ಡ ಸಾಫ್ಟ್‌ವೇರ್ ಇದೆ. ಆದರೂ ಹೇಳುತ್ತೇನೆ ಕೇಳಿ, ನಿಮಗೆ ಆಪ್ ಬೇಡ. ನಿಮ್ಮ ಲೆಕ್ಕ ತಪ್ಪುತ್ತಿರುವುದು ಗೇಟಿನಲ್ಲಿ. ಗಾಡಿ ನಿಂತು ಮೊದಲ ಮೂಟೆ ಇಳಿಯುವ ಮೊದಲು ಯಾರು ಏನು ಬರೆದುಕೊಳ್ಳುತ್ತಾರೆ ಅನ್ನೋದು ಸರಿಯಾದರೆ ಮಿಕ್ಕಿದ್ದಕ್ಕೆ ಗೂಗಲ್ ಶೀಟ್ ಸಾಕು.

ಹೀಗೆ ಮಾಡಿ. ನೀವು ಆರ್ಡರ್ ಕೊಟ್ಟಾಗಲೇ ಶೀಟಿನಲ್ಲಿ ಒಂದು ಸಾಲು ಬರೆದು ನಂಬರ್ ಕೊಡಿ. ಆ ನಂಬರನ್ನು ಚಲನ್ ಮೇಲೆ ಬರೆದೇ ಕಳಿಸಬೇಕು ಅಂತ ಸಪ್ಲೈಯರ್‌ಗೆ ಹೇಳಿ. ನಂಬರ್ ಇಲ್ಲದ ಗಾಡಿ ಬಂದರೆ ವಾಚ್‌ಮನ್ ನಿಮಗೆ ಫೋನ್ ಮಾಡಬೇಕು, ಅಲ್ಲಿಯವರೆಗೆ ಇಳಿಸೋದು ಬೇಡ. ಮೊದಮೊದಲು ಡ್ರೈವರ್‌ಗಳು ಗಲಾಟೆ ಮಾಡುತ್ತಾರೆ. ಮಾಡಲಿ, ಆಮೇಲೆ ಅವರೇ ಸರಿಹೋಗುತ್ತಾರೆ.

ಮೇಸ್ತ್ರಿಗೆ ಕನ್ನಡದಲ್ಲೇ ಒಂದು ಗೂಗಲ್ ಫಾರಂ ಮಾಡಿಕೊಡಿ. ಯಾವ ಸೈಟ್, ಆರ್ಡರ್ ನಂಬರ್, ಏನು ಬಂತು, ಎಷ್ಟು, ಗಾಡಿ ನಂಬರ್. ಆದಷ್ಟು ಪಟ್ಟಿಯಿಂದ ಆರಿಸುವ ಹಾಗಿರಲಿ, ಟೈಪ್ ಮಾಡಿಸಬೇಡಿ. ಕೊನೆಗೆ ಎರಡು ಫೋಟೊ: ನಂಬರ್ ಪ್ಲೇಟ್ ಕಾಣುವ ಹಾಗೆ ತುಂಬಿದ ಗಾಡಿ ಒಂದು, ಸಹಿ ಆದ ಚಲನ್ ಒಂದು. ಫಾರಂನಲ್ಲಿ ಫೋಟೊ ಹಾಕಬೇಕಾದರೆ ಆ ಫೋನಿನಲ್ಲಿ ಗೂಗಲ್ ಅಕೌಂಟ್‌ಗೆ ಲಾಗಿನ್ ಆಗಿರಲೇಬೇಕು. ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಲಾರಿ ಮುಂದೆ ನಿಂತು ಪಾಸ್‌ವರ್ಡ್ ಹುಡುಕಬೇಕಾಗುತ್ತದೆ. ಸಹಿ ಜೊತೆ ಹೆಸರನ್ನೂ ದೊಡ್ಡದಾಗಿ ಬರೆಸಿ. ಬರೀ ಗೀಚಿದ ಸಹಿಗೆ ಬೆಲೆ ಇಲ್ಲ, ನೀವೇ ನೋಡಿದ್ದೀರಲ್ಲ.

ಎಣಿಸೋದು ಮಾತ್ರ ಫೋನ್ ಮಾಡಲ್ಲ. ಕಂಬಿಯ ವಿಷಯ ಹೇಳುತ್ತೇನೆ. ಒಂದು ಮೀಟರ್ ಕಂಬಿಯ ತೂಕ ಬೇಕಾದರೆ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಎಂಎಂ ಆದರೆ 144 ಭಾಗ 162, ಅಂದರೆ ಸುಮಾರು 0.89 ಕೆಜಿ. 12 ಮೀಟರ್ ಉದ್ದದ ಒಂದು ಕಂಬಿ 10.66 ಕೆಜಿ. ಎರಡು ಟನ್ ಬಿಲ್ ಮಾಡಿದ್ದರೆ ಹತ್ತಿರ ಹತ್ತಿರ 187 ಕಂಬಿ ಇರಬೇಕು. ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ಈ ದಪ್ಪಕ್ಕೆ ತೂಕದಲ್ಲಿ ಶೇ 5ರಷ್ಟು ಆಚೀಚೆ ಆಗಬಹುದು. ಹಾಗಾಗಿ ಐದಾರು ಕಂಬಿ ಹೆಚ್ಚುಕಡಿಮೆಗೆ ಜಗಳಕ್ಕೆ ಹೋಗಬೇಡಿ, ಇಪ್ಪತ್ತು ಕಡಿಮೆ ಬಂದರೆ ಬಿಡಬೇಡಿ. ಒಂದು ಎಚ್ಚರ: ಕಂಬಿಯನ್ನು ಮಡಚಿ ತಂದಿದ್ದರೆ ಎರಡೂ ತುದಿ ಒಂದೇ ಕಡೆ ಇರುತ್ತವೆ. ತುದಿ ಎಣಿಸಿದರೆ ಲೆಕ್ಕ ಎರಡರಷ್ಟು ಬರುತ್ತದೆ. ಬಗ್ಗಿದ ಕಡೆ ನಿಂತು ಎಣಿಸಿ, ಫೋಟೊ ಕೂಡ ಆ ಕಡೆಯಿಂದಲೇ ತೆಗೆಯಿರಿ.

ಎಂ ಸ್ಯಾಂಡ್‌ಗೆ ಶೀಟಿನಲ್ಲಿ ಬೇರೆ ಒಂದು ಟ್ಯಾಬ್ ಇಡಿ, ಟಿಪ್ಪರ್‌ಗಳದ್ದು. ಗಾಡಿ ನಂಬರ್, ಬಾಡಿ ಅಳತೆ, ಖಾಲಿ ತೂಕ. ಬಾಡಿ 12 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಎತ್ತರ ಇದ್ದರೆ ಮಟ್ಟಸ ತುಂಬಿದಾಗ 252 ಸಿಎಫ್‌ಟಿ (ಘನ ಅಡಿ). ಇದನ್ನು ಒಂದು ಸಲ ಟೇಪ್ ಹಿಡಿದು ಅಳೆದರೆ ಮುಗಿಯಿತು. ತೂಕದ ಲೆಕ್ಕದಲ್ಲಿ ತರಿಸುವುದಾದರೆ ವೇ ಬ್ರಿಡ್ಜ್ (ಗಾಡಿ ತೂಗುವ ಜಾಗ) ಚೀಟಿಯಲ್ಲಿ ಖಾಲಿ ತೂಕ ನೋಡಿ. ಅದೇ ಗಾಡಿಯ ಖಾಲಿ ತೂಕ ಈ ವಾರಕ್ಕಿಂತ ಮುಂದಿನ ವಾರ ಅರ್ಧ ಟನ್ ಕಡಿಮೆ ಇದ್ದರೆ ಕೇಳಿ, ಅಷ್ಟು ಮರಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಶೀಟಿನಲ್ಲಿ ಪಕ್ಕಪಕ್ಕ ಇದ್ದರೆ ಕಣ್ಣಿಗೆ ಬೀಳುತ್ತದೆ, ಕಾಗದದ ಚೀಟಿಗಳಲ್ಲಿ ಯಾವತ್ತೂ ಬೀಳಲ್ಲ. ಒದ್ದೆ ಮರಳಿಗೆ ನೀರಿನ ತೂಕಕ್ಕೂ ದುಡ್ಡು ಕೊಡುತ್ತಿದ್ದೀರಿ ಅನ್ನೋದೂ ನೆನಪಿರಲಿ.

ಸಿಮೆಂಟ್ ಸುಲಭ. ಟನ್‌ಗೆ 20 ಮೂಟೆ. ಮೂಟೆ ಮೇಲೆ ತಯಾರಾದ ವಾರ ಅಚ್ಚು ಹಾಕಿರುತ್ತಾರೆ, ಅದರ ಫೋಟೊ ಒಂದು ಇರಲಿ.

ಲೆಕ್ಕಪತ್ರ_ಹುಬ್ಬಳ್ಳಿ:

ಸ್ಟೋರ್‌ನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ) ಇರಬೇಕು, ಅದರಲ್ಲಿ ಗಾಡಿ ನಂಬರ್ ಇರುತ್ತದೆ. ಚಲನ್‌ನಲ್ಲಿರುವ ಗಾಡಿ, ಇ-ವೇ ಬಿಲ್‌ನ ಗಾಡಿ, ಮೇಸ್ತ್ರಿ ತೆಗೆದ ಫೋಟೊದ ಗಾಡಿ, ಮೂರೂ ಒಂದೇ ಇರಬೇಕು ಅಲ್ವಾ? ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ನಿಮ್ಮ ಹೆಸರಿಗೆ ಬೇರೆಯವರು ಮಾಡಿದ ಇ-ವೇ ಬಿಲ್‌ಗಳು ಪೋರ್ಟಲ್‌ನಲ್ಲೇ ಕಾಣುತ್ತವೆ. ನಿಮ್ಮದಲ್ಲದ ಲೋಡ್ ಇದ್ದರೆ 72 ಗಂಟೆಯೊಳಗೆ ತಿರಸ್ಕರಿಸಬಹುದು. ತಿಂಗಳ ಕೊನೆವರೆಗೆ ಕಾಯಬೇಡಿ, ವಾರಕ್ಕೆರಡು ಸಲ ತೆರೆದು ನೋಡಿ.

ಮತ್ತೆ ವಾಟ್ಸಾಪ್‌ನಲ್ಲಿ ಬಂದ ಫೋಟೊ ಯಾವಾಗ ತೆಗೆದದ್ದು ಅಂತ ಫೋಟೊ ನೋಡಿ ಹೇಳೋಕೆ ಆಗಲ್ಲ. ಆ ವಿವರ ಕಳಿಸುವಾಗಲೇ ಹೋಗಿಬಿಡುತ್ತದೆ. ಜಾಗ, ದಿನ, ಟೈಮ್ ಫೋಟೊ ಮೇಲೆಯೇ ಅಚ್ಚಾಗುವ ಜಿಪಿಎಸ್ ಕ್ಯಾಮೆರಾ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಮೇಸ್ತ್ರಿ ಫೋನಿಗೆ ಒಂದು ಹಾಕಿಕೊಡಿ.

ತುಮಕೂರು_ಕಟ್ಟಡ:

ತುಂಬಾ ಉಪಕಾರ ಆಯಿತು. ಆರ್ಡರ್ ನಂಬರ್ ಚಲನ್ ಮೇಲೆ ಬರೆಸೋದು ನಾಳೆಯಿಂದಲೇ ಶುರು. ಗಾಡಿ ಟೈಮಿಗೆ ಏನು ಮಾಡಲಿ? ಮುಂದಿನ ವಾರ ಇನ್ನೊಂದು ಮೋಲ್ಡ್ ಇದೆ, ಕಾಂಕ್ರೀಟ್ 18 ಕ್ಯೂಬಿಕ್ ಮೀಟರ್. ಮತ್ತೆ ಆ ಶೀಟನ್ನು ಎಲ್ಲರಿಗೂ ಶೇರ್ ಮಾಡಲಾ?

ಸ್ಟೋರ್_ವೈಟ್‌ಫೀಲ್ಡ್:

18 ಅಂದರೆ 6 ಕ್ಯೂಬಿಕ್ ಮೀಟರ್ ಗಾಡಿ ಮೂರು ಬರುತ್ತವೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಸೈಟಿಗೊಂದು ಬಣ್ಣ ಇಟ್ಟು ಮೋಲ್ಡ್ ದಿನವನ್ನು ಪೂರ್ತಿ ಬ್ಲಾಕ್ ಮಾಡಿ. ಅವತ್ತು ಬೇರೆ ಯಾವ ಲೋಡೂ ಬೇಡ, ಸಾಲಿಡ್ ಬ್ಲಾಕ್ ಆಗಲಿ, ಜಲ್ಲಿ ಆಗಲಿ. ಹಿಂದಿನ ಸಂಜೆ ಎಲ್ಲ ಸಪ್ಲೈಯರ್‌ಗಳಿಗೂ ಒಂದು ಮೆಸೇಜ್ ಹಾಕಿ. ಕಾಂಕ್ರೀಟ್ ಡ್ರೈವರ್‌ಗೆ ಪ್ಲಾಂಟ್ ಬಿಡುವಾಗಲೇ ಲೈವ್ ಲೊಕೇಶನ್ ಕಳಿಸೋಕೆ ಹೇಳಿ, ವಾಟ್ಸಾಪ್‌ನಲ್ಲಿ 8 ಗಂಟೆವರೆಗೆ ಇಡಬಹುದು. ಮೊದಲ ಗಾಡಿ ಅರ್ಧ ಖಾಲಿಯಾದ ಮೇಲೆ ಮೂರನೆಯದನ್ನು ಬಿಡಿಸಿ. ಮೂರೂ ಒಟ್ಟಿಗೆ ಬಂದು ಬಿಸಿಲಲ್ಲಿ ನಿಂತರೆ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಆಗ ಯಾರಾದರೂ ನೀರು ಬೆರೆಸುತ್ತಾರೆ, ನಿಮ್ಮ ಮೋಲ್ಡ್ ಕೆಡುತ್ತದೆ. ಪ್ಲಾಂಟ್‌ನಿಂದ ಗಾಡಿ ಜೊತೆ ಬರುವ ಬ್ಯಾಚ್ ಚೀಟಿಯಲ್ಲಿ ಲೋಡ್ ಮಾಡಿದ ಟೈಮ್ ಇರುತ್ತದೆ, ಸುರಿಯುವ ಮೊದಲು ಅದರ ಫೋಟೊ ತೆಗೆಸಿ.

ಶೀಟ್ ಯಾರಿಗೂ ಶೇರ್ ಮಾಡಬೇಡಿ. ಅವರಿಗೆ ಫಾರಂ ಲಿಂಕ್ ಸಾಕು, ತುಂಬಿದ್ದೆಲ್ಲ ಶೀಟಿಗೆ ತಾನಾಗೇ ಬಂದು ಸೇರುತ್ತದೆ. ಶೀಟ್ ನಿಮ್ಮ ಹತ್ತಿರ ಮತ್ತು ಬಿಲ್ ಪಾಸ್ ಮಾಡುವವರ ಹತ್ತಿರ ಮಾತ್ರ ಇರಲಿ.